ಅವ್ವನೊಡನೆ ಎರೆ ಬಯಲಿನಲ್ಲಿ: ಹುಬ್ಬಳ್ಳಿಯಿಂದ ಪಂಢರಪುರಕ್ಕೆ ಕಾರಿನಲ್ಲಿ ಹೊರಡುವವರಿಗೆ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ವಿಜಯಪುರ, ಸೊಲ್ಲಾಪುರಗಳ ಮೇಲೆ ಹಾಯ್ದು ಪಂಢರಪುರ ಸೇರಲು ಸುಮಾರು 370 ಕಿಲೋಮೀಟರ್ ಕ್ರಮಿಸಬೇಕು. ಇದರಲ್ಲಿ ಸೊಲ್ಲಾಪುರದವರೆಗಿನ ದಾರಿ ರಾಷ್ಟ್ರೀಯ ಹೆದ್ದಾರಿ 52. ಗಟ್ಟಿಮುಟ್ಟಾದವರು ಒಂದೇ ದಿನದಲ್ಲಿ ಮುಟ್ಟಬಹುದಾದ ದೂರ ಇದಾದರೂ, ಎಪ್ಪತ್ತು ದಾಟಿದ ಅವ್ವನನ್ನು ಕರೆದುಕೊಂಡು ಹೊರಡುವವರು ವಿಜಯಪುರದಲ್ಲಿ ಒಂದು ರಾತ್ರಿ ವಸತಿ ಮಾಡಿ ಎರಡು ದಿನಗಳಲ್ಲಿ ಹೋಗುವುದೇ ಸರಿ. ಕಪ್ಪು ಮಣ್ಣಿನ ಈ ಎರೆ ಬಯಲಿನಲ್ಲಿ ನೆರಳೂ ಕಡಿಮೆ, ಮರೆಯೂ ಕಡಿಮೆ. ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿ, ಆ ನಿಲುಗಡೆಗಳಿಗೆ ತಕ್ಕಂತೆ ದಿನದ ದೂರವನ್ನು ಹೊಂದಿಸಿಕೊಳ್ಳಬೇಕು.

ಡಿಸೆಂಬರ್ ಮತ್ತು ಜನವರಿ ಈ ಪ್ರಯಾಣಕ್ಕೆ ಅತ್ಯಂತ ಒಳ್ಳೆಯ ತಿಂಗಳುಗಳು. ಎರೆ ಮಣ್ಣು ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಂಗಾರಿನ ಬಿಳಿಜೋಳ, ಕಡಲೆ, ಗೋದಿ, ಕುಸುಬೆಗಳೆಲ್ಲ ಆಗ ಹೊಲದಲ್ಲಿರುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು ಹಿರಿಯರಿಗೆ ತಕ್ಕದ್ದಲ್ಲ. ಮಳೆಗಾಲದಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಬಳಿ ಈ ಹೆದ್ದಾರಿಯೇ ಬಂದ್ ಆಗುವುದುಂಟು. ಒಂದು ಜೋರು ಮಳೆ ಬಿದ್ದರೂ ಸಾಕು, ಡಾಂಬರಿನಿಂದ ಕೆಳಗಿಳಿದ ಗಾಲಿ ಎರೆ ರಾಡಿಯಲ್ಲಿ ಹೂತುಹೋಗುತ್ತದೆ. ಆಷಾಢ ಮತ್ತು ಕಾರ್ತಿಕ ಏಕಾದಶಿಗಳ ಗದ್ದಲದಲ್ಲಿ ನಡಿಗೆ ಕಷ್ಟವಾದವರನ್ನು ಪಂಢರಪುರಕ್ಕೆ ಕರೆದೊಯ್ಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹೊರಡುವ ವಾರದಲ್ಲಿ ಅವ್ವನನ್ನು ವೈದ್ಯರ ಬಳಿ ಒಮ್ಮೆ ಕರೆದುಕೊಂಡು ಹೋಗಬೇಕು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಾದರೆ ಪ್ರಯಾಣದ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳಬೇಕು, ನಾವೇ ನಿಲ್ಲಿಸುವಂತಿಲ್ಲ. ಸಕ್ಕರೆ ಕಾಯಿಲೆಯಿದ್ದರೆ ಇನ್ಸುಲಿನ್ ಅನ್ನು ಬಿಸಿಲಿಗೆ ಕಾಯುವ ಕಾರಿನಲ್ಲಿ ಬಿಟ್ಟು ಇಳಿಯಬಾರದು, ತಂಪಿನ ಡಬ್ಬಿಯಲ್ಲಿಡುವಾಗಲೂ ಅದು ಮಂಜುಗಡ್ಡೆಗೆ ನೇರವಾಗಿ ತಾಗಬಾರದು. ಮಾತ್ರೆಗಳ ಚೀಲ ಡಿಕ್ಕಿಯಲ್ಲಿರದೆ ಅವ್ವನ ಕೈಗೆಟಕುವಂತಿರಲಿ.

ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲಿನ ಡಾಂಬರು ರಸ್ತೆಯೂ ಅಲ್ಲಲ್ಲಿ ಅಲೆಯಲೆಯಾಗಿ ಏಳುತ್ತದೆ. ಚಾಲಕನಿಗೆ ಅಷ್ಟಾಗಿ ತಿಳಿಯದ ಈ ಕುಲುಕು ಹಿಂದೆ ಕುಳಿತವರ ಟೊಂಕಕ್ಕೆ ನೇರವಾಗಿ ಮುಟ್ಟುತ್ತದೆ. ಅಂಥಲ್ಲಿ ವೇಗ ತಗ್ಗಿಸಬೇಕು, ಟೊಂಕದ ಹಿಂದೆ ಮಡಚಿದ ಚಾದರವೊಂದನ್ನು ಇಡಬೇಕು. ಪಾದ ನೆಲಕ್ಕೆ ಎಟಕದಿದ್ದರೆ ಕಾಲಡಿಗೆ ಗಟ್ಟಿ ಗಂಟೊಂದನ್ನು ಇಡಬೇಕು. ಹತ್ತಿಸುವಾಗ ಅವ್ವ ಮೊದಲು ಹೊರಮುಖವಾಗಿ ಸೀಟಿನ ಅಂಚಿನಲ್ಲಿ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಲಿ. ಮೊಣಕಾಲು ನೋವಿರುವವರಿಗೆ ಒಂದೊಂದೇ ಕಾಲೆತ್ತಿ ಹತ್ತುವುದಕ್ಕಿಂತ ಇದು ಸುಲಭ. ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬಾರದೆ ಸೊಂಟದ ಎಲುಬಿನ ಮೇಲೆ ಕೂರಬೇಕು, ಸೀರೆಯ ಸೆರಗು ಅದರೊಳಗೆ ಸಿಕ್ಕಿಕೊಳ್ಳಬಾರದು.

ಶೌಚದ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಬೇಕು. ದಾರಿಯಲ್ಲಿ ಅನುಕೂಲವಿರುವುದಿಲ್ಲವೆಂದು ಹೆದರಿ ನಮ್ಮ ತಾಯಂದಿರು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಇದರಿಂದ ತಲೆಸುತ್ತು, ಉರಿಮೂತ್ರ, ಮಲಬದ್ಧತೆ ಒಂದರ ಹಿಂದೊಂದು ಬರುತ್ತವೆ. ‘ನಿಲ್ಲಿಸಲೇನು’ ಎಂದು ಕೇಳಿದರೆ ‘ಏನ್ ಬ್ಯಾಡ, ನಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದ್ದರಿಂದ ಕೇಳದೆಯೇ ನಿಲ್ಲಿಸಬೇಕು. ಚಹಾದ ನೆಪ ಹೇಳಿ ಒಂದೂವರೆ ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲಿಯೋ ಒಳ್ಳೆಯ ಖಾನಾವಳಿಯಲ್ಲಿಯೋ ಇಳಿದು, ಮೊದಲು ಮನೆಯವರೊಬ್ಬರು ಶೌಚಾಲಯವನ್ನು ನೋಡಿ ಬರಬೇಕು: ನೀರಿದೆಯೇ, ನೆಲ ಜಾರುತ್ತದೆಯೇ, ಕೂತು ಏಳಲು ಆಧಾರವಿದೆಯೇ ಅಥವಾ ಕಮೋಡ್ ಇದೆಯೇ. ಒಂದು ತಂಬಿಗೆ ಮತ್ತು ಸೋಪಿನ ತುಂಡು ಕಾರಿನಲ್ಲಿರಲಿ. ಹಾಗೆ ಇಳಿದಾಗ ಐದು ನಿಮಿಷ ಅಡ್ಡಾಡಿಸಿದರೆ ಕಾಲಿನಲ್ಲಿ ರಕ್ತ ನಿಂತು ಹೆಪ್ಪುಗಟ್ಟುವ ಅಪಾಯವೂ ಕಡಿಮೆಯಾಗುತ್ತದೆ.

ಬುತ್ತಿಗೆ ಖಡಕ್ ರೊಟ್ಟಿ ಕೆಡುವುದಿಲ್ಲವೆಂಬುದು ನಿಜವಾದರೂ ಹಲ್ಲಿಲ್ಲದವರಿಗೆ ಅದು ಶಿಕ್ಷೆ. ಮೊದಲ ದಿನಕ್ಕೆ ಮೆತ್ತನೆಯ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಸಾಕು. ಮೊಸರನ್ನ ಮಧ್ಯಾಹ್ನಕ್ಕೇ ಮುಗಿಯಬೇಕು.

ಕಿಟಕಿಯ ಪಕ್ಕದ ಸೀಟು ಅವ್ವನದೇ ಆಗಿರಲಿ. ನಮಗೆ ಒಂದೇ ಸಮನಾಗಿ ಕಾಣುವ ಬಯಲಿನಲ್ಲಿ ಹೊಲದ ಕೆಲಸ ಬಲ್ಲವರು ಕಡಲೆ ಕಾಯಿಗಟ್ಟಿದ್ದನ್ನು, ಜೋಳದ ನಡುವೆ ಹಾಕಿದ ಕುಸುಬೆಯ ಅಕ್ಕಡಿ ಸಾಲನ್ನು ಓಡುವ ಕಾರಿನಿಂದಲೇ ಗುರುತಿಸುತ್ತಾರೆ. ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದ ಮೇಲೆ ನೇಯುವ ಜಮಖಾನೆಗಳನ್ನು ನೋಡಲು ಅರ್ಧ ಗಂಟೆ ಕೊಡಬಹುದು. ನರಗುಂದದ ಗುಡ್ಡ ದೂರದಿಂದ ಕಾಣತೊಡಗಿದಾಗ, ಈ ಎರಡೂ ಊರುಗಳನ್ನು ನಡುಗಿಸಿದ 1980ರ ಜುಲೈ 21ರ ರೈತ ಬಂಡಾಯದ ದಿನ ತಾವೆಲ್ಲಿದ್ದಿರೆಂದು ಕೇಳಿ ನೋಡಿ. ಆ ಕಾಲದ ನೀರಿನ ಕರ, ಗುಂಡೇಟು, ಊರೂರಿನ ಆತಂಕಗಳನ್ನು ನೆನಪಿನಿಂದ ಹೇಳಬಲ್ಲವರು ಈಗ ನಮ್ಮ ಮನೆಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಯಾರದಾದರೂ ಹೊಲದ ಬದುವಿನಲ್ಲಿ ಸೀತನಿ ಸುಡುತ್ತಿದ್ದರೆ ತಪ್ಪದೆ ನಿಲ್ಲಿಸಬೇಕು. ಕೆಂಡದಲ್ಲಿ ಸುಟ್ಟ ಹಸಿ ಜೋಳದ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಕಾಳಿಗೆ ಬೆಲ್ಲ ಸೇರಿಸಿ ಕೊಟ್ಟರೆ ಎಂಥ ದಣಿವೂ ಇಳಿಯುತ್ತದೆ.

ಬಾಗಲಕೋಟೆಯ ಮೇರೆಯಲ್ಲಿ ಘಟಪ್ರಭೆಯನ್ನೂ ಕೊಲ್ಹಾರದಲ್ಲಿ ಕೃಷ್ಣೆಯನ್ನೂ ದಾಟಿ, ಸೂರ್ಯ ಮುಳುಗುವುದರೊಳಗೆ ವಿಜಯಪುರ ಸೇರಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಕತ್ತಲಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಕೋಣೆ ನೆಲಮಹಡಿಯಲ್ಲಿರಲಿ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಏಳು ಅಂತಸ್ತು ಹತ್ತಬೇಕಾಗುವುದರಿಂದ ಅವ್ವನಿಗೆ ಕೆಳಗಿನ ಹುಲ್ಲುಹಾಸೇ ಸಾಕು. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಆಂಬುಲೆನ್ಸ್‌ಗೆ ಎರಡೂ ರಾಜ್ಯಗಳಲ್ಲಿ 108.

ಪಂಢರಪುರದಲ್ಲಿ ವಿಠ್ಠಲನ ಪಾದಸ್ಪರ್ಶದ ಸಾಲು ಬಹಳ ಉದ್ದವಿದ್ದರೆ ಮುಖದರ್ಶನದ ಸಾಲಿಗೆ ನಿಲ್ಲುವುದು ಒಳ್ಳೆಯದು. ಅದು ಬೇಗ ಸಾಗುತ್ತದೆ. ಪಾದ ಮುಟ್ಟಲೇಬೇಕೆಂದು ಅವ್ವ ಹಟ ಹಿಡಿದರೆ ಅಂದು ತಂಗಿ ಮರುದಿನ ನಸುಕಿನಲ್ಲಿ ಹೋಗಬಹುದು. ಊರಿಗೆ ಮರಳಿದ ಮೇಲೆ ಎರಡೂ ಪಾದಗಳು ಸ್ವಲ್ಪ ಬಾತಿದ್ದು ಕಾಲು ಎತ್ತರಿಸಿ ಮಲಗಿದಾಗ ಇಳಿದರೆ ಚಿಂತೆಯಿಲ್ಲ. ಆದರೆ ಮುಂದಿನ ಕೆಲವು ವಾರಗಳಲ್ಲಿ ಒಂದೇ ಕಾಲಿನ ಮೀನಖಂಡ ಬಾತು ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಎಣ್ಣೆ ಹಚ್ಚಿ ತಿಕ್ಕದೆ ಅದೇ ದಿನ ವೈದ್ಯರಿಗೆ ತೋರಿಸಬೇಕು, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.