ಹುಳದ ಮನೇಲಿ ಗಿಟಾರ್ ಆಂಪ್ ರೆಕಾರ್ಡ್ ಮಾಡಿದ್ದು: ನನ್ನ ಅನುಭವ

ನಮ್ಮೂರು ಶಿಡ್ಲಘಟ್ಟದ ಹತ್ರ, ಮನೇಲಿ ರೇಷ್ಮೆ. ಒಂದು ಬೆಳೆ ಗೂಡು ಮಾರ್ಕೆಟ್ಟಿಗೆ ಹೋಗಿ ಮುಂದಿನ ಬೆಳೆ ಹುಳ ತರೋವರೆಗೂ ತೋಟದಲ್ಲಿರೋ ಹುಳದ ಮನೆ ಒಂದಷ್ಟು ದಿನ ಖಾಲಿ ಇರುತ್ತೆ, ಆ ದಿನಗಳಲ್ಲಿ ಅದೇ ನನ್ನ ಸ್ಟುಡಿಯೋ. ಊರೊಳಗಿನ ಮನೇಲಿ ಅಜ್ಜಿ ಮಲಗಿರ್ತಾರೆ, ಆಂಪ್ (ಗಿಟಾರಿನ ಸೌಂಡ್ ಏರಿಸೋ ಸ್ಪೀಕರ್ ಪೆಟ್ಟಿಗೆ) ಜೋರು ಮಾಡೋಕಾಗಲ್ಲ. ಹುಳದ ಮನೆ ಶುದ್ಧ ಮಾಡೋಕೆ ಬ್ಲೀಚಿಂಗ್ ಹೊಡೆದಾಗ ಮಾತ್ರ ಘಾಟು ಪೂರ್ತಿ ಹೋಗೋವರೆಗೂ ಗಿಟಾರ್, ಮೈಕ್ ಯಾವುದನ್ನೂ ಒಳಗೆ ತರಲ್ಲ, ತಂತಿ ಎಲ್ಲಾ ತುಕ್ಕು ಹಿಡಿಯುತ್ತೆ.

ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಬಾಸ್ ಕಂಪನಿಯ ಕಟಾನಾ 50 ಆಂಪ್, 12 ಇಂಚಿನ ಸ್ಪೀಕರ್ರು, ಒಂದು ಶೂರ್ ಎಸ್‌ಎಂ57 ಮೈಕು, ಎರಡು ಇನ್‌ಪುಟ್ಟಿನ ಇಂಟರ್ಫೇಸು (ಮೈಕಿನ ಸೌಂಡನ್ನ ಲ್ಯಾಪ್‌ಟಾಪಿಗೆ ಕೊಡೋ ಡಬ್ಬ), ಲ್ಯಾಪ್‌ಟಾಪಲ್ಲಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. ಎಸ್‌ಎಂ57 1965ರಲ್ಲಿ ಬಂದಿದ್ದು, ಇವತ್ತಿಗೂ ಗಿಟಾರ್ ಆಂಪ್ ಮುಂದೆ ಅದನ್ನೇ ಇಡ್ತಾರೆ.

ಮೊದಲ ಆರು ತಿಂಗಳು ಬರೀ ಬೇಜಾರು. ರೂಮಲ್ಲಿ ನಿಂತು ಕೇಳಿದ್ರೆ ಮೈ ಜುಮ್ಮನ್ನೋ ಸೌಂಡು, ರೆಕಾರ್ಡ್ ಮಾಡಿ ಕೇಳಿದ್ರೆ ಡಬ್ಬದೊಳಗೆ ಜೇನ್ನೊಣ ಬಿಟ್ಟಂಗೆ. ಮೈಕ್ ಸರಿಯಿಲ್ಲ, ಇಂಟರ್ಫೇಸ್ ಸರಿಯಿಲ್ಲ ಅಂತ ಎಲ್ಲದರ ಮೇಲೂ ಅನುಮಾನ. ಒಂದಿನ ಬಗ್ಗಿ ನಾಬ್ ತಿರುಗಿಸೋವಾಗ, ವಾಲ್ಯೂಮ್ ತುಂಬಾ ಕಮ್ಮಿ ಇತ್ತು, ಕಿವಿ ಸ್ಪೀಕರಿಗೆ ನೇರ ಬಂತು ನೋಡಿ, ಅದೇ ಜೇನ್ನೊಣ! ಆಂಪ್ ನೆಲದ ಮೇಲೆ, ನಾನು ನಿಂತು ನುಡಿಸ್ತಿದ್ದೆ. ಸ್ಪೀಕರ್ರು ಚೂಪು ಸೌಂಡನ್ನ ನೇರ ಮುಂದಕ್ಕೆ ಎಸೆಯುತ್ತೆ, ಅದು ಮೊಣಕಾಲಿಗೆ ಹೋಗ್ತಿತ್ತು, ಕಿವಿಗೆ ಸಾಲ್ತಿಲ್ಲ ಅಂತ ನಾನು ಟ್ರೆಬಲ್ ಏರಿಸ್ತಾ ಹೋಗಿದ್ದೆ, ಮೈಕ್ ಪಾಪ ತನ್ನ ಮುಂದೆ ಇದ್ದಿದ್ದನ್ನೇ ಹಿಡಿದಿತ್ತು. ಆಮೇಲೆ ಆಂಪನ್ನ ಮರದ ಸ್ಟೂಲ್ ಮೇಲೆ ಏರಿಸಿ, ಟ್ರೆಬಲ್ ಅರ್ಧಕ್ಕೆ ಇಳಿಸಿ, ಗೇನನ್ನೂ (ಸೌಂಡ್ ಎಷ್ಟು ಒಡೆಯಬೇಕು ಅನ್ನೋ ನಾಬ್) ಮೂರರಲ್ಲಿ ಒಂದು ಪಾಲು ಕಮ್ಮಿ ಮಾಡ್ದೆ. ಗೇನ್ ಜಾಸ್ತಿ ಆದ್ರೆ ಒಬ್ಬರೇ ನುಡಿಸೋವಾಗ ಸಕ್ಕತ್ತಾಗಿರುತ್ತೆ, ರೆಕಾರ್ಡಿಂಗಲ್ಲಿ ಪಿಕ್ ತಂತಿಗೆ ತಾಗೋ ಏಟೇ ಕರಗಿ ಹೋಗುತ್ತೆ.

ನಿಜವಾದ ಬದಲಾವಣೆ ಬಂದಿದ್ದು ಮೈಕ್ ಜಾಗದಿಂದ. ಟಾರ್ಚ್ ಬಿಟ್ಟು ಆಂಪ್ ಬಟ್ಟೆಯ ಸಂದಿಯಿಂದ ನೋಡಿದ್ರೆ ಸ್ಪೀಕರ್ ಕೋನಿನ ಮಧ್ಯೆ ದುಂಡಗೆ ಟೋಪಿ ಥರ ಕಾಣುತ್ತೆ. ನಾನು ಪಕ್ಕದ ಹಿಪ್ಪುನೇರಳೆ ಸೊಪ್ಪಿನ ರೂಮಲ್ಲಿ ಬಾಗಿಲು ಹಾಕ್ಕೊಂಡು ಹೆಡ್‌ಫೋನ್ ಇಟ್ಟು ಕೂತೆ, ಹದಿನೈದು ಅಡಿ ಕೇಬಲ್ಲು, ಇನ್ನೂ ಉದ್ದ ಆದಷ್ಟೂ ಗಿಟಾರಿನ ಹೊಳಪು ಕಮ್ಮಿ ಆಗುತ್ತೆ. ತಮ್ಮ ಕಿವಿಗೆ ಹತ್ತಿ ಇಟ್ಕೊಂಡು ಆಂಪ್ ಮುಂದೆ. ಬಟ್ಟೆಯಿಂದ ಒಂದು ಇಂಚು ದೂರ ಮೈಕ್ ಹಿಡಿದು ಟೋಪಿಯ ಮಧ್ಯದಿಂದ ನಿಧಾನಕ್ಕೆ ಅಂಚಿನ ಕಡೆ ಸರಿಸ್ತಾ ಬಂದ, ನಾನು ಒಂದೇ ರಿಫ್ (ಚಿಕ್ಕ ಟ್ಯೂನು) ನುಡಿಸ್ತಾನೇ ಇದ್ದೆ. ಮಧ್ಯದಲ್ಲಿ ಕಿವಿ ಚುಚ್ಚುತ್ತೆ, ಒಂದು ಬೆರಳು ಸರಿದ್ರೆ ಕರ್ಕಶ ಹೋಗುತ್ತೆ, ಎರಡು ಬೆರಳಿಗೆ ಮೈ ತುಂಬ್ಕೊಳ್ಳುತ್ತೆ, ಇನ್ನೂ ಆಚೆ ಹೋದ್ರೆ ಕಂಬಳಿ ಮುಚ್ಚಿದಂಗೆ ಮಂಕು. "ಅಣ್ಣಾ, ಇಲ್ಲೇನಾ?" ಅಂದ. "ಇನ್ನೊಂಚೂರು ವಾಪಸ್ ಬಾರೋ... ಹಾಂ, ಅಲ್ಲೇ, ಅಲ್ಲಾಡ್ಬೇಡ!" ಟೋಪಿ ಮುಗಿದು ಕೋನ್ ಶುರುವಾಗೋ ಅಂಚು ಅದು. ಬಟ್ಟೆ ಮೇಲೆ ಪೇಪರ್ ಟೇಪ್ ಅಂಟಿಸಿ ಗುರುತು ಮಾಡ್ದೆ. ಬೇಸ್ ಜಾಸ್ತಿ ಅನ್ಸಿದ್ರೆ ಮೈಕನ್ನ ಒಂದೆರಡು ಇಂಚು ಹಿಂದಕ್ಕೆ ಎಳೀತೀನಿ, ಈ ಥರ ಮೈಕ್ ಹತ್ರ ಹೋದಷ್ಟೂ ಬೇಸ್ ಉಬ್ಬುತ್ತೆ. ಆಂಪಲ್ಲಿ ಯಾವ ನಾಬ್ ತಿರುಗಿಸಿದ್ರೂ ಇಷ್ಟು ವ್ಯತ್ಯಾಸ ನನಗೆ ಸಿಕ್ಕಿಲ್ಲ.

ಇನ್ನೊಂದು ವಿಷ್ಯ, ವ್ಯಾಟ್ ಕಮ್ಮಿ ಮಾಡಿದ್ರೆ ಸೌಂಡ್ ಅಷ್ಟೇ ಕಮ್ಮಿ ಆಗುತ್ತೆ ಅಂತ ನಾನು ಅಂದ್ಕೊಂಡಿದ್ದೆ. 50 ವ್ಯಾಟಿಂದ 25ಕ್ಕೆ ಇಳಿಸಿದ್ರೆ ಬರೀ 3 ಡೆಸಿಬಲ್ ಇಳಿಯುತ್ತೆ, ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ರೆ ಕಿವಿಗೆ ಸುಮಾರು ಅರ್ಧ ಅನ್ಸುತ್ತೆ ಅಷ್ಟೆ. ಅದಕ್ಕೇ 5 ವ್ಯಾಟಿನ ಟ್ಯೂಬ್ ಆಂಪ್ ಕೂಡ ಮನೆಗೆ ಜೋರು.

ಕರೆಂಟ್ ಬಗ್ಗೆ ದಯವಿಟ್ಟು ಹುಷಾರು. ಒಂದು ಸಲ ಎಡಗೈ ತಂತಿ ಮೇಲಿತ್ತು, ಬಲಗೈ ಮೈಕ್ ಸ್ಟ್ಯಾಂಡಿಗೆ ತಾಗಿದ್ದೇ ಚುರ್ ಅಂತು. ನೋಡಿದ್ರೆ ಸಾಕೆಟ್ಟಿನ ದಪ್ಪ ತೂತಿಗೆ ಅರ್ತ್ ವೈರೇ ಎಳೆದಿರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಗುಂಡಿ ತೋಡಿಸಿ ಪೈಪ್ ಇಳಿಸಿ ಇದ್ದಿಲು ಉಪ್ಪು ಹಾಕಿಸಿದ ಮೇಲೇನೇ ಮತ್ತೆ ಗಿಟಾರ್ ಹಿಡಿದಿದ್ದು. ಹಮ್ (ಆಂಪಿಂದ ಬರೋ ಗುಂಯ್ ಸದ್ದು) ಕಮ್ಮಿ ಮಾಡೋಕೆ ಅರ್ತ್ ಪಿನ್ ಕಿತ್ತು ಹಾಕೋರಿದ್ದಾರೆ, ಜೀವಕ್ಕೇ ಅಪಾಯ, ಮಾಡ್ಲೇಬೇಡಿ. ಸಿಂಗಲ್ ಕಾಯಿಲ್ ಗಿಟಾರಲ್ಲಿ (ತಂತಿ ಸದ್ದು ಹಿಡಿಯೋ ಪಿಕಪ್ಪಲ್ಲಿ ಒಂದೇ ಸುರುಳಿ ಇರೋದು) ಉಳಿಯೋ ಹಮ್ಮಿಗೆ ಕೂತ ದಿಕ್ಕು ಸ್ವಲ್ಪ ತಿರುಗಿಸಿ ನೋಡಿ, ಒಂದು ಕೋನದಲ್ಲಿ ಅರ್ಧಕ್ಕರ್ಧ ಇಳಿಯುತ್ತೆ.

ಖಾಲಿ ರೂಮ್ ಗಂಯ್ ಅನ್ನೋದಕ್ಕೆ ಮೈಕ್ ಹಿಂದೆ ಎರಡು ಹಗ್ಗ ಕಟ್ಟಿ ದಪ್ಪ ರಗ್ಗು ಇಳಿಬಿಟ್ಟಿದೀನಿ, ಮೂಲೇಲಿ ಹಳೇ ಹತ್ತಿ ತುಂಬಿದ ಗೋಣಿಚೀಲ. ಇಂಟರ್ಫೇಸಲ್ಲಿ ಪೀಕ್, ಅಂದ್ರೆ ಅತಿ ಜೋರಿನ ಸೌಂಡು, ಮೈನಸ್ 12 ಡೆಸಿಬಲ್ ಹತ್ರ ಇರಂಗೆ ನೋಡ್ಕೋತೀನಿ. ರಿದಮ್ಮನ್ನ ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದನ್ನ ಎಡಕ್ಕೆ ಒಂದನ್ನ ಬಲಕ್ಕೆ ಇಡ್ತೀನಿ, ಒಂದನ್ನೇ ಕಾಪಿ ಮಾಡಿದ್ರೆ ಆ ಅಗಲ ಬರಲ್ಲ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಜ್, ಹಾಗಾಗಿ 80ರ ಕೆಳಗೆ ಕತ್ತರಿಸಿದ್ರೆ ಬರೀ ಗುಡುಗುಡು ಹೋಗುತ್ತೆ.

ಈಗ ಹುಳ ಮೂರನೇ ಜ್ವರ (ಪೊರೆ ಬಿಡೋ ಹಂತ) ಎದ್ದಿವೆ, ಆಂಪ್ ಮನೇಲಿ ಬಟ್ಟೆ ಮುಚ್ಕೊಂಡು ಕೂತಿದೆ, ಟೇಪ್ ಗುರುತು ಹಾಗೇ ಇದೆ. ಗೂಡು ಬಿಡಿಸಿದ ಮೇಲೆ ಸೋಲೋ ರೆಕಾರ್ಡ್ ಮಾಡೋದಿದೆ, ಅದಕ್ಕೆ ಮೈಕನ್ನ ಇನ್ನೊಂದು ಬೆರಳು ಆಚೆ ಇಟ್ಟು ನೋಡ್ಬೇಕು.