ಅರಬ್ಬಿಗೆ ಕೊಟ್ಟ ಎರಡು ವರ್ಷ

ಅಂತರರಾಷ್ಟ್ರೀಯ ವ್ಯವಹಾರಗಳಲ್ಲಿ ಸ್ನಾತಕೋತ್ತರ ಪದವಿಗೆಂದು ವಾಷಿಂಗ್ಟನ್ನಿಗೆ ಹೋದಾಗ ನನಗೆ ಅರಬ್ಬಿಯ ಒಂದಕ್ಷರವೂ ಬರುತ್ತಿರಲಿಲ್ಲ. ಪಶ್ಚಿಮ ಏಷ್ಯಾವನ್ನೇ ವಿಶೇಷ ಅಧ್ಯಯನಕ್ಕೆ ಆರಿಸಿಕೊಂಡಿದ್ದರೂ ಅದರ ಬಗ್ಗೆ ನಾನು ಓದಿದ್ದೆಲ್ಲವೂ ಇಂಗ್ಲಿಷಿನಲ್ಲಿತ್ತು, ಅಂದರೆ ಬೇರೆ ಯಾರೋ ಆಯ್ದು, ಅನುವಾದಿಸಿ ಕೊಟ್ಟದ್ದಾಗಿತ್ತು. ಆ ಅವಲಂಬನೆ ನನ್ನನ್ನು ಕಾಡುತ್ತಿತ್ತು. ಭಾಷಾ ತರಗತಿಯ ಅಂಕಗಳು ಪದವಿಗೆ ಸೇರುವುದಿಲ್ಲ, ಅರ್ಥಶಾಸ್ತ್ರಕ್ಕೆ ಹೊತ್ತು ಸಾಲದಾದೀತು ಎಂದು ಹಿರಿಯ ವಿದ್ಯಾರ್ಥಿಗಳು ಎಚ್ಚರಿಸಿದರೂ ಮೊದಲ ವಾರವೇ ಹೆಸರು ಬರೆಸಿದೆ.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಅರಬ್ಬಿ ಕಲಿಸಲು 88 ವಾರ, ಅಂದರೆ 2,200 ಗಂಟೆಗಳ ತರಗತಿ ಬೇಕೆಂದು ಲೆಕ್ಕ ಹಾಕಿದೆ. ನಮಗಿದ್ದದ್ದು ವಾರಕ್ಕೆ 5 ಗಂಟೆ. 14 ವಾರಗಳ ನಾಲ್ಕು ಸೆಮಿಸ್ಟರ್ ಸೇರಿದರೆ 280 ಗಂಟೆ. ನಡುವಿನ ಬೇಸಿಗೆಯಲ್ಲಿ ಜೋರ್ಡಾನಿನ ರಾಜಧಾನಿ ಅಮ್ಮಾನ್‌ನಲ್ಲಿ ಕಲಿತ 160 ಗಂಟೆಗಳನ್ನು ಸೇರಿಸಿದರೂ ಅಗತ್ಯದ ಐದನೇ ಒಂದು ಭಾಗವಷ್ಟೇ ಆಗುತ್ತದೆ. ಹೀಗಾಗಿ ಎಲ್ಲವನ್ನೂ ಕಲಿಯುವ ಆಸೆಯನ್ನು ಬಿಟ್ಟು, ದಾಖಲೆಗಳನ್ನು ನಾನೇ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಮೊದಲು ಬರಲಿ, ಮಾತು ಅದರ ಹಿಂದೆ ಬರಲಿ ಎಂದು ತೀರ್ಮಾನಿಸಿದೆ. ಹಣದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಲ್ಲಿನ ಸರ್ಕಾರ ವಿದೇಶಿ ಭಾಷೆ ಕಲಿಯುವವರಿಗೆ ಆಗ ಕೊಡುತ್ತಿದ್ದ ಫ್ಲಾಸ್ ವಿದ್ಯಾರ್ಥಿವೇತನ ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಸಿಗುತ್ತಿತ್ತು, ಬೋರೆನ್ ವಿದ್ಯಾರ್ಥಿವೇತನ ಪ್ರಜೆಗಳಿಗೆ ಮಾತ್ರ. ಭಾರತದಿಂದ ಹೋಗುವವರು ಬೇಸಿಗೆಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ನಾನು ಒಂದು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿ ಆ ಹಣವನ್ನು ಹೊಂದಿಸಿಕೊಂಡೆ.

ಅರಬ್ಬಿಯ ಶಬ್ದಗಳು ಹೆಚ್ಚಾಗಿ ಮೂರು ವ್ಯಂಜನಗಳ ಧಾತುಗಳಿಂದ ಹುಟ್ಟುತ್ತವೆ. ಕ್-ತ್-ಬ್ ಎಂಬ ಒಂದೇ ಧಾತುವಿನಿಂದ ಪುಸ್ತಕ ‘ಕಿತಾಬ್’, ಬರೆಯುವವನು ‘ಕಾತಿಬ್’, ಕಚೇರಿ ‘ಮಕ್ತಬ್’, ಗ್ರಂಥಾಲಯ ‘ಮಕ್ತಬಾ’. ನಾವು ಬಳಸುತ್ತಿದ್ದ ಹಾನ್ಸ್ ವೇರ್ ನಿಘಂಟಿನಲ್ಲಿ ಪದಗಳು ಧಾತುವಿನ ಕ್ರಮದಲ್ಲಿರುವುದರಿಂದ, ಪದದ ಮೂಲವನ್ನು ಊಹಿಸಲಾರದವನು ಅದರ ಅರ್ಥವನ್ನೂ ಹುಡುಕಲಾರ. ಈ ಹಂತದಲ್ಲಿ ನನ್ನ ಕೈಹಿಡಿದದ್ದು, ನಾನೇ ನಿರೀಕ್ಷಿಸಿರದಂತೆ, ರಾಯಚೂರು ಜಿಲ್ಲೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆಯ ಮಾತು. ಅರ್ಜಿ, ಜಾಮೀನು, ಹಾಜರಿ, ಮಹಜರು, ಜಿಲ್ಲೆ, ಈ ಐದೂ ಪದಗಳ ಮೂಲದಲ್ಲಿರುವುದು ಅರಬ್ಬಿಯ ‘ದಾದ್’ ಎಂಬ ಅಕ್ಷರ. ಅರಬರು ತಮ್ಮ ನುಡಿಯನ್ನು ‘ದಾದ್‌ನ ಭಾಷೆ’ ಎಂದೇ ಕರೆದುಕೊಳ್ಳುತ್ತಾರೆ. ಅದೇ ಅಕ್ಷರ ಪಾರಸಿ, ಉರ್ದುಗಳನ್ನು ಹಾದು ನಮ್ಮ ಬಾಯಿಗೆ ಬರುವಷ್ಟರಲ್ಲಿ ‘ಜ’ ಆಗಿದೆ. ಹಾಜರಿ ಮತ್ತು ಮಹಜರು ಒಂದೇ ಧಾತುವಿನ ಮಕ್ಕಳೆಂದು ತಿಳಿದ ದಿನ ನಾನು ತಂದೆಗೆ ಫೋನ್ ಮಾಡಿ ಹೇಳಿದ್ದೆ. ಆದರೆ ಇಂಥ ಪದಗಳನ್ನು ನಂಬಿ ಮುಂದುವರಿಯುವುದೂ ಅಪಾಯವೇ. ನಮ್ಮ ‘ತಕರಾರು’ ಅಲ್ಲಿ ‘ಪುನರಾವರ್ತನೆ’; ನಮ್ಮ ‘ವಸೂಲು’ ಅಲ್ಲಿ ‘ಬಂದು ತಲುಪುವುದು’.

ನಿಜವಾದ ಕಷ್ಟ ಇನ್ನೊಂದು ಕಡೆ ಇತ್ತು. ಕಾಗುಣಿತದ ಲಿಪಿಯಲ್ಲಿ ಬೆಳೆದ ನಮಗೆ ಸ್ವರವನ್ನು ಬರೆಯದೆ ಬಿಡುವುದೆಂದರೆ ಕಲ್ಪನೆಗೂ ನಿಲುಕದ್ದು, ಆದರೆ ಅರಬ್ಬಿ ಪತ್ರಿಕೆಗಳು ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಎರಡನೇ ವರ್ಷ ಒಂದು ಸಂಶೋಧನಾ ಸಂಸ್ಥೆಯಲ್ಲಿ ದಿನದ ಸುದ್ದಿಗಳನ್ನು ಅನುವಾದಿಸುವ ತರಬೇತಿ ಕೆಲಸದಲ್ಲಿದ್ದಾಗ, ಕ್-ತ್-ಲ್ ಎಂಬ ಮೂರು ಅಕ್ಷರಗಳಿಂದ ಆರಂಭವಾಗುವ ಒಂದು ವಾಕ್ಯ ಬಂತು. ಅದರ ಮುಂದೆ ಒಬ್ಬ ಅಧಿಕಾರಿಯ ಹುದ್ದೆ, ಊರು, ಗುಂಡಿನ ದಾಳಿಯ ಪ್ರಸ್ತಾಪ. ನಾನು ಅದನ್ನು ‘ಕತಲ’ ಎಂದು ಓದಿಕೊಂಡು, ಅಧಿಕಾರಿಯೇ ಕೊಂದನೆಂದು ಬರೆದೆ. ಅಲ್ಲಿದ್ದದ್ದು ‘ಕುತಿಲ’, ಅಂದರೆ ಅವನು ಕೊಲ್ಲಲ್ಪಟ್ಟಿದ್ದ. ಕೊಂದವನಾಗಿದ್ದರೆ ಸತ್ತವನು ಯಾರೆಂಬುದು ವಾಕ್ಯದಲ್ಲಿ ಎಲ್ಲಾದರೂ ಬರಬೇಕಿತ್ತು ಎಂಬ ಸರಳ ವ್ಯಾಕರಣವನ್ನು ನಾನು ಅವಸರದಲ್ಲಿ ಮರೆತಿದ್ದೆ. ಪ್ರಕಟವಾಗುವ ಮೊದಲು ಸಂಪಾದಕಿ ಅದನ್ನು ಗುರುತಿಸಿದರು. ಸತ್ತವನನ್ನು ಕೊಲೆಗಾರನನ್ನಾಗಿ ಮಾಡಿದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಪ್ರತಿದಿನ ಒಂದು ಸುದ್ದಿಯನ್ನು ಕೈಯಲ್ಲಿ ನಕಲು ಮಾಡಿ, ಪ್ರತಿ ಅಕ್ಷರಕ್ಕೂ ಸ್ವರಚಿಹ್ನೆ ಹಾಕಿ, ಸಿರಿಯಾದ ಅಲೆಪ್ಪೊ ಮೂಲದ ನಮ್ಮ ಅಧ್ಯಾಪಕಿಗೆ ತೋರಿಸತೊಡಗಿದೆ. ಎಂಟು ತಿಂಗಳು ನಡೆಸಿದ ಈ ಅಭ್ಯಾಸದಿಂದ ನಾನು ಕಲಿತಷ್ಟನ್ನು ಯಾವ ಪಠ್ಯಪುಸ್ತಕವೂ ಕಲಿಸಲಿಲ್ಲ.

ಅಮ್ಮಾನ್‌ನ ಬೇಸಿಗೆಯ ಬಗ್ಗೆ ಒಂದು ಮಾತು. ನಾವು ಕಲಿತದ್ದು ‘ಫುಸ್‌ಹಾ’, ಅಂದರೆ ಗ್ರಂಥಸ್ಥ ಅರಬ್ಬಿ. ಬೀದಿಯಲ್ಲಿರುವುದು ‘ಆಮ್ಮಿಯ್ಯಾ’, ಆಡುನುಡಿ. ಏನು ಬೇಕು ಎಂದು ಕೇಳಲು ಪುಸ್ತಕದಲ್ಲಿ ‘ಮಾದಾ ತುರೀದ್’ ಎಂದಿದ್ದರೆ, ಅಂಗಡಿಯವನು ‘ಶೂ ಬಿದ್ದಕ್’ ಎನ್ನುತ್ತಾನೆ. ರಾಯಚೂರಿನ ಸಂತೆಯಲ್ಲಿ ಪತ್ರಿಕೆಯ ಸಂಪಾದಕೀಯದಂತೆ ಯಾರೂ ಮಾತನಾಡುವುದಿಲ್ಲವಾದ್ದರಿಂದ ನನಗೆ ಇದು ವಿಚಿತ್ರವೆನಿಸಲಿಲ್ಲ, ಆದರೆ ಎರಡನ್ನೂ ಕಲಿಯುವ ಹೊರೆ ದೊಡ್ಡದು. ಈಜಿಪ್ಟಿನ ನುಡಿ, ಕೊಲ್ಲಿಯ ನುಡಿ ಎಂದು ಅಲೆಯದೆ ಜೋರ್ಡಾನ್, ಸಿರಿಯಾ ಕಡೆಯ ಒಂದೇ ಆಡುನುಡಿಗೆ ಅಂಟಿಕೊಂಡದ್ದು ಸರಿಯಾದ ನಿರ್ಧಾರವಾಗಿತ್ತೆಂದು ಈಗಲೂ ಅನ್ನಿಸುತ್ತದೆ.

ಪದವಿ ಮುಗಿದಾಗ ನನ್ನ ಮಾತು ಇನ್ನೂ ತಡವರಿಸುತ್ತಿತ್ತು, ಓದು ಮಾತ್ರ ಗಟ್ಟಿಯಾಗಿತ್ತು. ಕೆಲಸ ಸಿಕ್ಕಿದ್ದು ಆ ಓದಿನಿಂದಲೇ, ವಲಸೆ ಕಾರ್ಮಿಕರ ಹಕ್ಕುಗಳಿಗಾಗಿ ದುಡಿಯುವ ಒಂದು ಸಂಸ್ಥೆಯಲ್ಲಿ. ಸೌದಿ ಅರೇಬಿಯಾದ 2005ರ ಕಾರ್ಮಿಕ ಕಾಯಿದೆಯ 9ನೇ ವಿಧಿಯ ಪ್ರಕಾರ ಕರಾರುಪತ್ರ ಅರಬ್ಬಿಯಲ್ಲಿರಬೇಕು, ಜೊತೆಗೆ ಬೇರೆ ಭಾಷೆಯ ಪ್ರತಿ ಇದ್ದರೂ ಅರಬ್ಬಿಯ ಪಾಠವೇ ಅಂತಿಮ. ಉಡುಪಿಯಿಂದಲೋ ಭಟ್ಕಳದಿಂದಲೋ ಹೋದವನು ತಾನು ಓದಬಲ್ಲ ಇಂಗ್ಲಿಷ್ ಪ್ರತಿಯನ್ನು ನಂಬಿ ಸಹಿ ಮಾಡಿರುತ್ತಾನೆ. ‘ಯದ್‌ಫಅ’ ಎಂದರೆ ‘ಅವನು ಕೊಡುತ್ತಾನೆ’, ‘ಯುದ್‌ಫಅ’ ಎಂದರೆ ‘ಕೊಡಲಾಗುತ್ತದೆ’. ಬರವಣಿಗೆಯಲ್ಲಿ ಎರಡಕ್ಕೂ ಅವೇ ನಾಲ್ಕು ಅಕ್ಷರ. ಮೇಜಿನ ಮೇಲೆ ಹೊಸ ಕರಾರು ಬಂದಾಗಲೆಲ್ಲ ನಾನು ಪೆನ್ಸಿಲ್ ಹಿಡಿದು ಮೊದಲು ಕ್ರಿಯಾಪದಗಳಿಗೆ ಸ್ವರಚಿಹ್ನೆ ಹಾಕುತ್ತೇನೆ, ಆಮೇಲೆ ಹಣ ಕೊಡಬೇಕಾದವರು ಯಾರೆಂದು ಹುಡುಕುತ್ತೇನೆ.