ಕಂಚಿನ ವಸ್ತುವಿನ ಎಕ್ಸ್‌ಆರ್‌ಎಫ್ ಪರೀಕ್ಷೆ: ಕಿಲುಬಿನ ಮೇಲಿನ ಅಂಕಿಯನ್ನು ಹೇಗೆ ಓದಬೇಕು

ಉತ್ಖನನದಲ್ಲಿ ಸಿಕ್ಕ ಕಂಚಿಗೆ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ಕಿರಣ ಹಾಯಿಸಿ, ವಸ್ತುವಿನ ಧಾತುಗಳು ಮರಳಿ ಸೂಸುವ ಕಿರಣಗಳಿಂದ ಅವನ್ನು ಗುರುತಿಸುವ ಯಂತ್ರ) ಹಿಡಿದರೆ ತಾಮ್ರ, ತವರ, ಸೀಸದ ಶೇಕಡಾವಾರು ಕೂಡಲೇ ಪರದೆಯ ಮೇಲೆ ಬರುತ್ತದೆ. ಆ ಅಂಕಿಗಳನ್ನು ಹಾಗೇ ವರದಿಗೆ ಇಳಿಸಬೇಡಿ. ಅವು ಬಹುಮಟ್ಟಿಗೆ ಕಿಲುಬಿನ ಅಂಕಿಗಳು, ಒಳಗಿನ ಲೋಹದವಲ್ಲ. ಮಣ್ಣಿನಲ್ಲಿ ಮೇಲ್ಪದರದ ತಾಮ್ರ ಕರಗಿ ಹೋಗುತ್ತದೆ, ತವರದ ಆಕ್ಸೈಡ್ ಕರಗದೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಎರಕದಲ್ಲಿ ಶೇ. 10ರಷ್ಟಿದ್ದ ತವರ ಮೇಲ್ಮೈಯಲ್ಲಿ ಅದರ ಎರಡು-ಮೂರು ಪಟ್ಟು ಕಾಣಬಹುದು. ಹಿತ್ತಾಳೆಯಲ್ಲಾದರೆ ಸತು ಕಳೆದುಹೋಗಿರುತ್ತದೆ. ಸಾಲದ್ದಕ್ಕೆ, ಗನ್ನಿನ ಮಿಶ್ರಲೋಹದ ಮೋಡ್ (ಲೋಹಗಳ ಶೇಕಡಾವಾರು ಲೆಕ್ಕ ಹಾಕುವ ಸೆಟ್ಟಿಂಗ್) ಕಿಲುಬಿನಲ್ಲಿರುವ ಆಮ್ಲಜನಕ, ಇಂಗಾಲಗಳನ್ನು ಲೆಕ್ಕಕ್ಕೇ ಹಿಡಿಯದೆ, ಕಂಡ ಲೋಹಗಳನ್ನು 100ಕ್ಕೆ ಹೊಂದಿಸಿಬಿಡುತ್ತದೆ.

ಮೊದಲು ಫೋಟೊ ತೆಗೆದು, ಭೂತಗನ್ನಡಿಯಲ್ಲಿ ನೋಡಿ ಜಾಗ ಗುರುತಿಸಿ. ಸಮತಟ್ಟಾದ, ಕಿಲುಬು ತೆಳುವಾಗಿರುವ ಕಡೆ ಒಳ್ಳೆಯದು. ಬೆಸುಗೆ, ಮೇಣ, ಹಳೆಯ ದುರಸ್ತಿ ಇರುವ ಕಡೆ ಬೇಡ. ಗನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ. ಕೈಯಲ್ಲಿ ಹಿಡಿದರೆ ದೂರ ಅಲುಗಿ ಓದುವಿಕೆ ಕೆಡುತ್ತದೆ. ತೆಳು ತಗಡನ್ನು ಕಿರಣ ದಾಟಿ ಹೋಗುವುದರಿಂದ ಅದರ ಹಿಂದೆ ಯಾರ ಕೈಯೂ ಇರಬಾರದು.

ಸಂಯೋಜನೆ ಗೊತ್ತಿರುವ ಪ್ರಮಾಣಿತ ಕಂಚಿನ ತುಂಡನ್ನು ಕೆಲಸದ ಆರಂಭದಲ್ಲೂ ಕೊನೆಯಲ್ಲೂ ಅಳೆಯಿರಿ. ವಸ್ತುವಿನ ಮೇಲೆ ಕನಿಷ್ಠ ಮೂರು ಜಾಗದಲ್ಲಿ, ತಲಾ 60 ಸೆಕೆಂಡು, 40 ಕಿಲೋವೋಲ್ಟಿನಲ್ಲಿ ಅಳೆಯಿರಿ. ಅದಕ್ಕಿಂತ ತುಂಬ ಕಡಿಮೆ ವೋಲ್ಟೇಜಿನಲ್ಲಿ ತವರದ ಕೆ-ಗೆರೆ (ತವರ ಸೂಸುವ, ಅದರ ಗುರುತಾದ ಹೆಚ್ಚು ಶಕ್ತಿಯ ಕಿರಣ) ಏಳುವುದಿಲ್ಲ. ಸೀಸ ಕಂಚಿನಲ್ಲಿ ಬೆರೆಯದೆ ಸಣ್ಣ ಗುಳಿಗೆಗಳಾಗಿ ನಿಲ್ಲುವುದರಿಂದ ಜಾಗದಿಂದ ಜಾಗಕ್ಕೆ ಅದರ ಅಂಕಿ ಬದಲಾಗುತ್ತದೆ. ಸರಾಸರಿಯೊಂದನ್ನೇ ಕೊಡದೆ ಎಲ್ಲ ಓದುವಿಕೆಗಳನ್ನೂ ಬರೆಯಿರಿ.

ಇನ್ನು ಸ್ಪೆಕ್ಟ್ರಮ್, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಕಿರಣ ಬಂತೆಂದು ತೋರಿಸುವ ನಕ್ಷೆ. ನಿಜವಾದ ಮಾಹಿತಿ ಇರುವುದು ಇಲ್ಲೇ. ತವರದ ಕೆ-ಗೆರೆ 25.3 ಕೆಇವಿಯಲ್ಲಿ (ಕಿರಣದ ಶಕ್ತಿಯ ಅಳತೆ), ಕಡಿಮೆ ಶಕ್ತಿಯ ಎಲ್-ಗೆರೆ 3.4ರಲ್ಲಿ. ಮೊದಲನೆಯದು ಆಳದಿಂದಲೂ ಹೊರಬರುತ್ತದೆ, ಎರಡನೆಯದು ಕೆಲವೇ ಮೈಕ್ರಾನ್ ಪದರದಿಂದ. ಪ್ರಮಾಣಿತ ತುಂಡಿಗಿಂತ ವಸ್ತುವಿನಲ್ಲಿ ಎಲ್-ಗೆರೆಯ ಪಾಲು ಹೆಚ್ಚಾಗಿದ್ದರೆ ತವರ ಮೇಲ್ಮೈಯಲ್ಲಿ ಗುಡ್ಡೆಯಾಗಿರುವ ಸಾಧ್ಯತೆ ಇದೆ. ಆರ್ಸೆನಿಕ್ ವಿಷಯದಲ್ಲಂತೂ ಎಚ್ಚರ ಬೇಕೇ ಬೇಕು: ಅದರ ಮುಖ್ಯ ಗೆರೆಯೂ ಸೀಸದ ಮುಖ್ಯ ಗೆರೆಯೂ 10.5 ಕೆಇವಿ ಹತ್ತಿರ ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಅವುಗಳ ಇನ್ನೊಂದು ಗೆರೆ ನೋಡಿ: ಸೀಸವನ್ನು 12.6ರಲ್ಲಿ, ಆರ್ಸೆನಿಕ್ಕನ್ನು 11.7ರಲ್ಲಿ ಹುಡುಕಿ. 11.7ರಲ್ಲಿ ಏನೂ ಇಲ್ಲದಿದ್ದರೆ, ಯಂತ್ರ ಎಷ್ಟೇ ತೋರಿಸಲಿ, ಆರ್ಸೆನಿಕ್ ಇದೆಯೆಂದು ಬರೆಯಬೇಡಿ.

ಲೋಹದ ನಿಜವಾದ ಸಂಯೋಜನೆಯೇ ಬೇಕಿದ್ದರೆ ಕಿಲುಬು ಕೆರೆಯಲು ಹೋಗಬೇಡಿ. ವಸ್ತುವಿನ ಮೂಲ ಮೇಲ್ಮೈ ಉಳಿದಿರುವುದು ಅದರಲ್ಲೇ. ಅನುಮತಿ ಪಡೆದು, ಕಣ್ಣಿಗೆ ಬೀಳದ ಕಡೆ ಸಂರಕ್ಷಕರಿಂದ 1 ಮಿಲಿಮೀಟರ್ ಬಿಟ್‌ನಲ್ಲಿ ಕೊರೆಸಿ, ಮೊದಲು ಬರುವ ಬಣ್ಣಗೆಟ್ಟ ಪುಡಿಯನ್ನು ಬೇರೆ ಇಟ್ಟು, ಹೊಳೆಯುವ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿ.

ಕುಳಿಗಳಲ್ಲಿ ತಿಳಿ ಹಸಿರು ಪುಡಿ ಕಂಡರೆ ಅಲ್ಲೇ 10ರಿಂದ 15 ಕಿಲೋವೋಲ್ಟಿನಲ್ಲಿ ಇನ್ನೊಮ್ಮೆ ಅಳೆದು 2.6 ಕೆಇವಿಯಲ್ಲಿ ಕ್ಲೋರಿನ್ ನೋಡಿ. ಅದಿದ್ದರೆ, ತೇವ ಸಿಕ್ಕಾಗ ಕಂಚನ್ನು ತಿನ್ನುತ್ತಲೇ ಹೋಗುವ ‘ಕಂಚಿನ ರೋಗ’ದ ಗುರುತು. ಗನ್ನಿನಲ್ಲಿ ಎಕ್ಸ್-ಕಿರಣ ಹುಟ್ಟಿಸುವ ಟ್ಯೂಬು ರೋಡಿಯಂ ಲೋಹದ್ದಾದರೆ ಟ್ಯೂಬಿನದೇ ಗೆರೆ 2.7ರಲ್ಲಿ ಬಂದು ಮೋಸ ಮಾಡುತ್ತದೆ. ಕ್ಲೋರಿನ್ ಇಲ್ಲದ ತುಂಡಿನ ಜೊತೆ ಹೋಲಿಸಿಯೇ ತೀರ್ಮಾನಿಸಿ. ಕ್ಲೋರಿನ್ ಖಚಿತವಾದರೆ ಮಿಕ್ಕ ಅಳತೆ ನಾಳೆಗಿರಲಿ. ವಸ್ತುವನ್ನು ಅಂದೇ ಒಣ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಳಗಿನ ಆರ್ದ್ರತೆ ಶೇ. 35ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳಿ.